ಬಿಡು ಎಂದರೆ ಯಾವುದನ್ನು?

ಹೋದ ವಾರ ನನ್ನ ಡ್ರೈವಿಂಗ್ ಲೈಸೆನ್ಸು ನವೀಕರಣವಾಗಿ ಬಂತು. ಅದರ ಜೊತೆಗೆ ಮಡಿಸಿದ ಒಂದು ಹಳದಿ ಹಾಳೆ. ಮಳೆಗೆ ಲಕೋಟೆ ನೆನೆದಿದ್ದರಿಂದ ಹಾಳೆ ಬಿಡಿಸಿದಾಗ ಹಸಿ ಕಾಗದದ, ಅಚ್ಚಿನ ಮಸಿಯ ವಾಸನೆ ಬಂತು. "ಮಳೆಗಾಲದಲ್ಲಿ ಹಳ್ಳಿಯ ರಸ್ತೆಗಳಲ್ಲಿ ವಾಹನ ನಡೆಸುವವರಿಗೆ ಸೂಚನೆಗಳು" ಎಂದು ತಲೆಬರಹ. ಒಟ್ಟು ಹತ್ತು ಸೂಚನೆ. ಬರೆದವರು ಯಾರೋ ತಿಳಿಯದು; ಕೆಸರಿನಲ್ಲಿ ಕಾರು ನಡೆಸಿದವರಲ್ಲ ಎನ್ನುವುದಷ್ಟು ಖಂಡಿತ. ನಾಲ್ಕನೆಯ ಸೂಚನೆ ಹೀಗಿತ್ತು: "ಜಾರುವ ರಸ್ತೆಯಲ್ಲಿ ಗತಿರೋಧಕವನ್ನು ಹಠಾತ್ತನೆ ಪ್ರಯೋಗಿಸತಕ್ಕದ್ದಲ್ಲ, ನಿಧಾನವಾಗಿ ಬಿಡತಕ್ಕದ್ದು."

ಬಿಡತಕ್ಕದ್ದು. ಏನನ್ನು? ಗತಿರೋಧಕವನ್ನೋ, ಅಂದರೆ ಬ್ರೇಕನ್ನೋ, ಇಲ್ಲ ವಾಹನವನ್ನೋ? ಓದುತ್ತಿದ್ದಂತೆ ನನಗೆ ಸಿಟ್ಟು ನೆತ್ತಿಗೇರಿತು. ನೀವು ನಗಬಹುದು. ಒಂದು ಕ್ರಿಯಾಪದದ ಮೇಲೆ ಒಬ್ಬ ಹೈಸ್ಕೂಲು ಮೇಷ್ಟರಮ್ಮ ಇಷ್ಟು ಕೋಪ ಮಾಡಿಕೊಳ್ಳಬೇಕೇ ಎಂದು ಕೇಳಬಹುದು. ಆದರೆ ಈ ಕ್ರಿಯಾಪದ ನನ್ನನ್ನು ಒಮ್ಮೆ ಗದ್ದೆಗೆ ಇಳಿಸಿದೆ. ಅಲಂಕಾರದ ಮಾತಲ್ಲ ಇದು. ನಾಲ್ಕು ಚಕ್ರಗಳ ಸಮೇತ ಇಳಿಸಿದೆ. ನನಗೆ ತರ್ಕಶಾಸ್ತ್ರದಲ್ಲಿ ಮೊದಲ ದರ್ಜೆ ಬಂದ ವರ್ಷವೇ ಅದು ನಡೆದದ್ದು ಎನ್ನುವುದನ್ನೂ ಈಗಲೇ ಹೇಳಿಬಿಡುತ್ತೇನೆ, ಮುಂದೆ ನೀವಾಗಿ ಕಂಡುಹಿಡಿದು ನಗುವುದು ಬೇಡ.

ನನ್ನ ತಾಯಿಯ ಅಣ್ಣ ಕ್ಯಾಸಂಬಳ್ಳಿಯಲ್ಲಿ ಡಾಕ್ಟರು. ಹೊಲಗದ್ದೆಯ ಮನೆಯಿಂದ ಹೋಗಿ ಎಲ್.ಎಂ.ಪಿ. ಓದಿಕೊಂಡು ಅದೇ ಊರಿಗೆ ವಾಪಸು ಬಂದವರು. ಸುತ್ತಲಿನ ಹತ್ತು ಹನ್ನೆರಡು ಹಳ್ಳಿಗಳಿಗೆ ಅವರೊಬ್ಬರೇ. ಗಣಿಗಳು ಸರ್ಕಾರಕ್ಕೆ ಸೇರಿದ ಕಾಲದಲ್ಲಿ ಕೋಲಾರದ ಚಿನ್ನದ ಗಣಿಯ ದೊರೆಗಳು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿದರಲ್ಲ, ಹಾಗೆ ಹೊರಟ ಒಬ್ಬ ದೊರೆಯಿಂದ ಮಾವ ಒಂದು ಕಪ್ಪು ಕಾರು ಕೊಂಡಿದ್ದರು. ಆಗಲೇ ಮುದಿಯಾಗಿದ್ದ ಕಾರು. ಅದರ ಮುಂದಿನ ಗಾಜು ಒರೆಸುವ ಕಡ್ಡಿಯನ್ನು ಒಳಗಿನಿಂದ ಒಂದು ಪುಟ್ಟ ಹಿಡಿ ಹಿಡಿದು ಕೈಯಲ್ಲೇ ಆಡಿಸಬೇಕಿತ್ತು. ಈ ಹಿಡಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಾವನ ಎಡಗಣ್ಣಿಗೆ ಪೊರೆ ಬಂದಿತ್ತು. ಆಗೆಲ್ಲ ಪೊರೆ ಹಣ್ಣಾಗುವ ತನಕ ಆಪರೇಷನ್ ಮಾಡುತ್ತಿರಲಿಲ್ಲ. "ಇನ್ನೂ ಕಾಯಿ, ಕಾಯಿ" ಎಂದು ಮಾವ ತಮ್ಮ ಕಣ್ಣಿನ ಬಗ್ಗೆ ಮಾವಿನ ಹಣ್ಣಿನ ವ್ಯಾಪಾರಿಯಂತೆ ಮಾತಾಡುತ್ತಿದ್ದರು. ಬಲಗಣ್ಣು ಚೆನ್ನಾಗೇ ಇದೆ, ಒಂದು ಸಾಕು ಎನ್ನುತ್ತಿದ್ದರು. ಆ ಒಂದು ಕಣ್ಣನ್ನು ನಂಬಿಕೊಂಡು ಮಳೆಯಲ್ಲಿ ಹೊರಟವರು ಕೆರೆ ಏರಿಯ ಕೊನೆಯಲ್ಲಿ ಯರ್ರಪ್ಪ ಎಂಬ ರೈತನ ಗದ್ದೆಗೆ ಕಾರು ಇಳಿಸಿದರು. ಎತ್ತು ಕಟ್ಟಿ ಎಳೆಸಿಕೊಂಡು ಮನೆಗೆ ಬಂದಾಗ ಅತ್ತೆ ಕಾರಿನ ಬೀಗದ ಕೈ ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿದರು.

"ಇನ್ನೊಂದ್ಸಲ ಇದು ಗದ್ದೆಗೆ ಇಳೀತೋ, ಅವತ್ತೇ ಮಾರಿಬಿಡೋದು. ಆಮೇಲೆ ಗಾಡಿ ಮ್ಯಾಲೆ ಓಗ್ತಿರೋ, ನಡ್ಕೊಂಡ್ ಓಗ್ತಿರೋ, ನಿಮ್ಮಿಷ್ಟ."

"ಗದ್ದೇನೇ ಅಡ್ಡ ಬಂತು ಕಣೆ," ಎಂದರಂತೆ ಮಾವ.

ಹೀಗೆ ನಾನು ಈ ಕಥೆಯೊಳಗೆ ಬಂದೆ. ಮೈಸೂರಿನಲ್ಲಿ ಬಿ.ಎ. ಆನರ್ಸ್ ಮುಗಿಸಿ, ರಾಬರ್ಟ್‌ಸನ್‌ಪೇಟೆಯ ನಮ್ಮ ಮನೆಯಲ್ಲಿ ಕೆಲಸದ ಆರ್ಡರಿಗಾಗಿ ಕಾಯುತ್ತಿದ್ದೆ. ಮಾವನ ಪೊರೆ ಹಣ್ಣಾಗಬೇಕು, ನನ್ನ ಆರ್ಡರು ಬರಬೇಕು. ಇಬ್ಬರಿಗೂ ಬೇರೆ ಕೆಲಸವಿಲ್ಲ. ಮಕ್ಕಳಿಲ್ಲದ ಅತ್ತೆ ಒಂದು ದಿನ ಬಸ್ಸಿನಲ್ಲಿ ಬಂದು ನನ್ನ ತಾಯಿಯ ಮುಂದೆ ಕೂತು, "ಪೊರೆ ತೆಗಿಯೋಗಂಟ ನಿಮ್ ಪಾಪನ್ನ ಕಳ್ಸಿಕೊಡಿ. ಅವಳು ಗಾಡಿ ಬಿಡೋದು ಕಲೀಲಿ," ಎಂದರು. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಪಾಪ ಎನ್ನುತ್ತಾರೆ. ಮದುವೆಯ ವಯಸ್ಸು ಬಂದರೂ ಪಾಪ, ಆನರ್ಸ್ ಮುಗಿಸಿದರೂ ಪಾಪ. ಮೈಸೂರಿನ ಹಾಸ್ಟೆಲಿಗೆ ಬಂದ ಮಾವನ ಕಾಗದವನ್ನು ನನ್ನ ಕೋಣೆಯ ಗೆಳತಿ ಕದ್ದು ಓದಿ, "ನಿಮ್ಮ ಮಾವನಿಗೆ ನಿನ್ನ ಮೇಲೆ ಎಷ್ಟು ಕನಿಕರವೇ! ಸಾಲಿಗೊಂದು ಸಲ ಪಾಪ ಅಂತಾರೆ" ಎಂದಿದ್ದಳು. ವಿವರಿಸುವಷ್ಟರಲ್ಲಿ ನನಗೆ ಸಾಕಾಗಿತ್ತು.

ಬೀಗದ ಕೈ ಅತ್ತೆಯ ಸೊಂಟದಿಂದ ಮತ್ತೆ ಗೋಡೆಯ ಮೊಳೆಗೆ ಬಂತು. ಕಲಿಕೆ ನಡೆದದ್ದು ಗಣಿಯ ಬೂದುಬಣ್ಣದ ಸೈನೈಡ್ ದಿಬ್ಬಗಳ, ಅಂದರೆ ಚಿನ್ನ ತೆಗೆದು ಸುರಿದ ಮಣ್ಣಿನ ಗುಡ್ಡೆಗಳ, ಕೆಳಗಿನ ಬಯಲಿನಲ್ಲಿ. ಒಣ ನೆಲ, ಎದುರಿಗೆ ಯಾರೂ ಇಲ್ಲ, ಆಡುಗಳನ್ನು ಬಿಟ್ಟರೆ. ಮಾವ ಪಕ್ಕದಲ್ಲಿ ಕೂತು ಕಲಿಸಿದರು. ಅವರ ಇಡೀ ಪಾಠದಲ್ಲಿ ಇದ್ದದ್ದು ಒಂದೇ ಪದ.

"ಗೇರ್ ಹಾಕು. ಬಿಡು. ಹಾಂ, ಬಿಡು ಬಿಡು. ಏ, ಬಿಡು ಅಂದ್ನಲ್ಲ! ಹೋಗ್ಲಿ ಬಿಡು, ಇನ್ನೊಂದ್ಸಲ."

ಇದರಲ್ಲಿ ಮೊದಲ ಬಿಡು ಕ್ಲಚ್ಚಿಗೆ ಸೇರಿದ್ದು. ಅದರ ಮುಂದಿನ ಜೋಡಿ ಕಾರಿಗೆ, ಅಂದರೆ ಓಡಿಸು ಎಂದು. ನಂತರದ್ದು ಬ್ರೇಕಿಗೆ. ಕೊನೆಯದು ನನ್ನ ಸಮಾಧಾನಕ್ಕೆ. ನೀವೇ ಯೋಚಿಸಿ ನೋಡಿ, ಇಂಥ ಪದವನ್ನು ಹೇಗೆ ನಂಬುವುದು? ಮಳೆ ಬಿಟ್ಟಿತು ಎಂದರೆ ನಿಂತಿತು. ಬಸ್ಸು ಬಿಟ್ಟಿತು ಎಂದರೆ ಹೊರಟಿತು. ಒಂದೇ ಬಾಯಿ, ಒಂದೇ ಪದ. ನಾನು ಒಂದು ಸಂಜೆ ಇದನ್ನು ಮಾವನ ಮುಂದೆ ಕ್ರಮವಾಗಿ ಮಂಡಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಗಾಡಿ ಬಿಡೋಕೆ ವ್ಯಾಕರಣ ಬೇಡಮ್ಮ, ಕಾಲು ಬೇಕು," ಎಂದರು. ಆವತ್ತೇ ಹಠ ಹಿಡಿಯಬೇಕಿತ್ತು.

ಲೈಸೆನ್ಸು ಬಂತು. ನಾನು ಕ್ಯಾಸಂಬಳ್ಳಿಗೆ ಬಂದೆ. ದಿನವೂ ಬೆಳಿಗ್ಗೆ ಒಂದು ಸುತ್ತು, ಮಧ್ಯಾಹ್ನ ಒಂದು ಸುತ್ತು. ಮಾವ ಎಡಗಡೆ ಕೂತು ಮಡಿಲಲ್ಲಿ ಚರ್ಮದ ಚೀಲ ಇಟ್ಟುಕೊಂಡು ನನಗೆ ಸೂಚನೆ ಕೊಡುತ್ತಿದ್ದರು. ಎಂಥ ಸೂಚನೆ! ಮುಂದೆ ಹಳ್ಳವಿದೆ ಎಂದರೆ ಹಳ್ಳ ಆಗಲೇ ದಾಟಿ ಹೋಗಿರುತ್ತಿತ್ತು. ದನ ಬಂತು ಎಂದರೆ ಅದು ಹುಣಿಸೆಮರ. ಮಳೆ ಬಂದಾಗ ಗಾಜಿನ ಕಡ್ಡಿ ಆಡಿಸುವುದು ಅವರ ಕೆಲಸ. ಮಳೆ ನಿಂತು ಬಿಸಿಲು ಬಂದರೂ ಒಣ ಗಾಜನ್ನು ಕೊರಕ್ ಕೊರಕ್ ಎಂದು ಒರೆಸುತ್ತಲೇ ಇರುತ್ತಿದ್ದರು. "ಮಾವ, ಸಾಕು, ಮಳೆ ನಿಂತು ಎಷ್ಟು ಹೊತ್ತಾಯಿತು!" ಎಂದು ನಾನು ರೇಗಿದರೆ, "ಓ, ಏನೋ ಯೋಚನೆ ಮಾಡ್ತಿದ್ದೆ," ಎನ್ನುತ್ತಿದ್ದರು. ರೋಗಿಯ ಮನೆಯಲ್ಲಿ ಸೂಜಿಮದ್ದು ಎಳೆಯುವಾಗ ಸೂಜಿಯನ್ನು ನನ್ನ ಕೈಗೆ ಕೊಟ್ಟು, "ಅಳತೆ ನೋಡಮ್ಮ, ನೀನೂ ಒಂದಿಷ್ಟು ಕಲಿ," ಎನ್ನುತ್ತಿದ್ದರು. ನನಗೆ ಕಲಿಸುತ್ತಿದ್ದಾರೆ ಎಂದುಕೊಂಡು ನಾನು ಹೆಮ್ಮೆಪಟ್ಟಿದ್ದೆ.

ಅತ್ತೆಯದು ಇನ್ನೊಂದು ಬಗೆ. ಊಟಕ್ಕೆ ಬಡಿಸುವಾಗ ಮಾವನ ತಟ್ಟೆಯಲ್ಲಿ ಮುದ್ದೆ ಬಲಕ್ಕೆ, ಪಲ್ಯ ಎಡಕ್ಕೆ, ಉಪ್ಪು ತುದಿಗೆ. ನೀರಿನ ಲೋಟ ತಟ್ಟೆಯ ಮೇಲ್ಗಡೆ, ಗೋಡೆಗೆ ಒಂದು ಗೇಣು ಬಿಟ್ಟು. ದಿನವೂ ಅದೇ ಜಾಗ. ಒಮ್ಮೆ ನಾನು ಲೋಟವನ್ನು ಈಚೆ ಸರಿಸಿದ್ದಕ್ಕೆ, "ಅದನ್ಯಾಕ್ ಮುಟ್ದೆ? ಅಲ್ಲೇ ಇರ್ಲಿ!" ಎಂದು ಗದರಿದರು. ಹಾಸ್ಟೆಲಿನ ಮೇಟ್ರನ್ನೇ ವಾಸಿ ಎನಿಸಿತು. ಈ ಮನೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ವಯಸ್ಸಾಗುತ್ತಿದೆ, ಹಟ ಜಾಸ್ತಿಯಾಗುತ್ತಿದೆ ಎಂದು ಅಪ್ಪನಿಗೆ ಕಾಗದ ಬರೆದೆ.

ಇನ್ನು ಆ ಏರಿಯ ಬಗ್ಗೆ ಹೇಳಬೇಕು. ಊರಾಚೆಯ ನಾಲ್ಕು ಹಳ್ಳಿಗಳಿಗೆ ಹೋಗಲು ಕೆರೆ ಏರಿಯ ಮೇಲಿನ ಮಣ್ಣುದಾರಿಯೇ ಗತಿ. ಒಂದು ಕಡೆ ನೀರು, ಇನ್ನೊಂದು ಕಡೆ ತಗ್ಗಿನಲ್ಲಿ ಗದ್ದೆ, ನಡುವೆ ಒಂದು ಎತ್ತಿನ ಗಾಡಿಯಷ್ಟೇ ಅಗಲ. ಬೇಸಿಗೆಯಲ್ಲಿ ರೈತರು ಕೆರೆಯ ಗೋಡುಮಣ್ಣು ತೋಡಿ ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಾರೆ. ದಾರಿಯುದ್ದಕ್ಕೂ ಗೋಡಿನ ಹೆಂಟೆ ಉದುರಿ, ಗಾಡಿಯ ಚಕ್ರಕ್ಕೆ ಸಿಕ್ಕಿ ಪುಡಿಯಾಗಿ ಹರಡಿರುತ್ತದೆ. ಮಳೆ ಬಿದ್ದದ್ದೇ ತಡ, ಅದು ಹರಳೆಣ್ಣೆ. ಬರಿಗಾಲಿನಲ್ಲಿ ಬೆರಳೂರಿ ನಡೆಯುವವರೇ ಅಲ್ಲಿ ತೂರಾಡುತ್ತಾರೆ. ಕಾರಿನ ಚಕ್ರಕ್ಕೆ ಬೆರಳೆಲ್ಲಿ?

ಆ ವರ್ಷ ಹಿಂಗಾರಿನಲ್ಲಿ ನನ್ನ ಆರ್ಡರು ಬಂತು. ಬಂಗಾರಪೇಟೆಯ ಹೈಸ್ಕೂಲಿನಲ್ಲಿ ಸೋಮವಾರ ಕೆಲಸಕ್ಕೆ ಸೇರಬೇಕು. ಪೋಸ್ಟಿನವನು ತಂದುಕೊಟ್ಟಾಗ ಬುಧವಾರ. ನಾನು ಮಾವನನ್ನು ನೇರವಾಗಿ ಕೇಳಿದೆ.

"ಸೋಮವಾರದಿಂದ ಕಾರು ಯಾರು ಬಿಡುತ್ತಾರೆ?"

"ಯಾಕೆ? ನಾನಿಲ್ವಾ?"

"ಮಾವ, ನಿಮ್ಮ ಕಣ್ಣು..."

"ಎಡಗಣ್ಣು ತಾನೇ? ಬಲಗಣ್ಣಲ್ಲಿ ನಿನ್ನ ಜಡೆ ಎಳೆ ಎಣಿಸಬಲ್ಲೆ."

ಆಪರೇಷನ್ ಯಾವಾಗ ಎಂದು ಕೇಳಿದರೆ, "ಇನ್ನೂ ಕಾಯಿ." ಬೆಂಗಳೂರಿಗೆ ಹೋಗಿ ತೋರಿಸಿಯಾದರೂ ಬನ್ನಿ ಎಂದರೆ, "ನಾನೂ ಡಾಕ್ಟರೇ ಅಲ್ವೇನಮ್ಮ?" ಊರಿನವರ ಕುರುವನ್ನೆಲ್ಲ ಕೊಯ್ದ ಈ ಮನುಷ್ಯ ತನ್ನ ಕಣ್ಣಿಗೆ ಕತ್ತಿ ತಾಗುತ್ತದೆಂದರೆ ಹೆದರುತ್ತಾರೆ ಎನ್ನುವುದು ನನಗೆ ಗೊತ್ತಿತ್ತು. ಅತ್ತೆಯ ಕಡೆ ನೋಡಿದೆ. ಅವರು ರಾಗಿ ಕೇರುತ್ತಲೇ ಇದ್ದರು. ನಾನು ಬಸ್ಸು ಹತ್ತಿದ ಮರುದಿನ ಮಾವ ಆ ಏರಿಯ ಮೇಲೆ ಒಬ್ಬರೇ ಕಾರು ಬಿಡುತ್ತಾರೆ, ಯಾರೂ ತಡೆಯುವುದಿಲ್ಲ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಮಾವನ ಮೇಲೆ, ಅತ್ತೆಯ ಮೇಲೆ, ಆರ್ಡರು ಕಳಿಸಿದವರ ಮೇಲೆ ಸಿಟ್ಟು ಬರುತ್ತಿತ್ತು.

ಗುರುವಾರ ಮಳೆ ಹಿಡಿಯಿತು. ಮದರಾಸಿನ ಕಡೆ ಸಮುದ್ರದಲ್ಲಿ ಗಾಳಿ ಎದ್ದರೆ ನಮ್ಮಲ್ಲಿ ಮೂರು ದಿನ ಜಡಿ; ಜೋರಿಲ್ಲ, ಬಿಡುವೂ ಕಡಿಮೆ. ಶುಕ್ರವಾರ ಮಧ್ಯಾಹ್ನ ಏರಿಯಾಚೆಯ ಹಳ್ಳಿಯಲ್ಲಿ ಒಬ್ಬ ಬಾಣಂತಿಗೆ ಜ್ವರ, ಎರಡನೆಯ ಸೂಜಿ ಹಾಕಲೇಬೇಕು. ಹೋಗುವಾಗ ಎರಡನೇ ಗೇರಿನಲ್ಲಿ ಆಮೆಯಂತೆ ದಾಟಿದೆ. ಮಾವ ಹದಿನೆಂಟು ಸಲ ಬಿಡು ಎಂದರು. ಸೂಜಿ ಹಾಕಿ, ಅವರ ಮನೆಯ ಬಿಸಿನೀರಿನಲ್ಲಿ ಕೈ ತೊಳೆದು ಹೊರಟೆವು. ಆ ಬಾಣಂತಿಯ ತಾಯಿ ಕಾರಿನ ಕಿಟಕಿ ಹಿಡಿದುಕೊಂಡು, "ನಾಳೀಕೂ ಬತ್ತೀರಲ್ಲ ಸಾಮಿ?" ಎಂದು ಕೇಳಿದಳು. "ಬತ್ತೀನಿ, ಹೋಗಮ್ಮ," ಎಂದರು ಮಾವ.

ಏರಿಯ ಕೊನೆಯಲ್ಲಿ ದಾರಿ ಊರಿನ ಕಡೆಗೆ ಇಳಿಜಾರಾಗುತ್ತದೆ. ಅಲ್ಲಿಗೆ ಬಂದಾಗ ನನಗೆ ಮುಂದೆ ಗಾಡಿಯ ಚಕ್ರ ಕೊರೆದ ಒಂದು ಹಳ್ಳ ಕಂಡಿತು. ಬ್ರೇಕು ಒತ್ತಿದೆ. ಕಾರಿನ ಹಿಂಭಾಗ ತನ್ನ ಪಾಡಿಗೆ ತಾನು ನೀರಿನ ಕಡೆ ನಡೆಯತೊಡಗಿತು. ಆ ಕ್ಷಣ ಒಂದು ವಿಚಿತ್ರ ಮೌನ ಇರುತ್ತದೆ. ಚಕ್ರ ಉರುಳುತ್ತಿಲ್ಲ, ಕಾರು ಮಾತ್ರ ಹೋಗುತ್ತಿದೆ. ಮಾವನಿಗೆ ಅದು ಕೂತ ಜಾಗದಿಂದಲೇ ತಿಳಿಯಿತು.

"ಬಿಡು! ಬಿಡು! ಬಿಡೇ!"

ನಾನು ಬಿಟ್ಟೆ. ಅಂದರೆ, ಕಾರನ್ನು ಬಿಟ್ಟೆ. ಬ್ರೇಕಿನ ಮೇಲಿದ್ದ ಕಾಲನ್ನು ಆಕ್ಸಿಲರೇಟರಿನ ಮೇಲಿಟ್ಟು ಚೆನ್ನಾಗಿ ಒತ್ತಿದೆ. ಚಕ್ರ ಗರಗರ ತಿರುಗಿ ಕೆಸರು ಎರಚಿತು, ಕಾರು ಮೂತಿಯನ್ನು ಗದ್ದೆಯ ಕಡೆ ತಿರುಗಿಸಿ ಇಳಿಜಾರಿನಲ್ಲಿ ಕುಪ್ಪಳಿಸಿ ಇಳಿದು, ನಾಲ್ಕು ಮಾರು ಒಳಗೆ ಹೋಗಿ, ಉಬ್ಬಸದವರಂತೆ ಒಮ್ಮೆ ಕೆಮ್ಮಿ ನಿಂತಿತು.

ಇಬ್ಬರಿಗೂ ಏನೂ ಆಗಿರಲಿಲ್ಲ. ಗಾಜಿನ ತುಂಬ ಕೆಸರು. ಆದರೆ ಪಕ್ಕದ ಕಿಟಕಿಗಳು ಸ್ವಚ್ಛವಾಗಿಯೇ ಇದ್ದವು. ಮಾವನ ಕಿಟಕಿಗೆ ಭತ್ತದ ಪೈರು ಒರಗಿತ್ತು, ಅವರ ಮೂಗಿನಿಂದ ಒಂದು ಗೇಣು ದೂರದಲ್ಲಿ, ಹಸಿರು ಹಸಿರಾಗಿ. ಮಾವ ಗಾಜಿನ ಕಡ್ಡಿಯನ್ನು ಆಡಿಸುತ್ತಲೇ ಇದ್ದರು. ಆಡಿಸುತ್ತ ಮೆಲ್ಲಗೆ ಕೇಳಿದರು:

"ಪಾಪ, ಯಾವ ಕಡೆ ಬಿದ್ವಮ್ಮ? ನೀರಿನ ಕಡೆಗಾ, ಗದ್ದೆ ಕಡೆಗಾ?"

ರೈಲು ಯಾವ ಪ್ಲಾಟ್‌ಫಾರಂಗೆ ಬರುತ್ತದೆ ಎಂದು ಕೇಳಿದ ಹಾಗೆ ಕೇಳಿದರು. ನಾನು ಅವರ ಮುಖ ನೋಡಿದೆ. ಬಲಗಣ್ಣು ಪೈರಿನ ಕಡೆಗೇ ತಿರುಗಿತ್ತು.

"ಗದ್ದೆ, ಮಾವ," ಎಂದೆ.

"ಸರಿ," ಎಂದರು. ಆಮೇಲೆ, "ಮಳೆ ಬಿಡ್ತಾ?"

"ಬಿಟ್ಟಿತು."

ಅವರ ಕೈ ಹಿಡಿಯ ಮೇಲೆ ನಿಂತಿತು. ಇಷ್ಟು ದಿನ ಒಣ ಗಾಜು ಯಾಕೆ ಒರೆಸುತ್ತಿದ್ದರು, ಸೂಜಿ ನನ್ನ ಕೈಗೆ ಯಾಕೆ ಬರುತ್ತಿತ್ತು ಎನ್ನುವುದು ನನಗೆ ಆಗ ತಿಳಿಯಿತು. ನನಗೆ ತಿಳಿಯಿತು ಎನ್ನುವುದು ಅವರಿಗೂ ತಿಳಿಯಿತು. ನಮ್ಮಿಬ್ಬರ ಸ್ವಭಾವವೂ ಒಂದೇ. ಅಂಥದನ್ನು ಬಾಯಿಬಿಟ್ಟು ಹೇಳುವವರಲ್ಲ. ಆದ್ದರಿಂದ ಜಗಳಕ್ಕೆ ನಿಂತೆವು.

"ಬಿಡು ಅಂದ್ರೆ ಯಾಕ್ ಬಿಡ್ಲಿಲ್ಲ?"

"ಬಿಟ್ಟೆನಲ್ಲ! ಬಿಟ್ಟಿದ್ದಕ್ಕೇ ಇಲ್ಲಿಗೆ ಬಂದಿದ್ದೇವೆ."

"ಬ್ರೇಕ್ ಬಿಡು ಅಂದೆ ನಾನು!"

"ಬ್ರೇಕ್ ಅನ್ನಲಿಲ್ಲ ನೀವು. ಬರೀ ಬಿಡು ಅಂದಿರಿ. ಗಾಡಿ ಬಿಡು ಅಂತ ನಾನು ತಿಳಿದೆ."

"ಜಾರ್ತಾ ಇರೋ ಗಾಡೀನ ಬಿಡು ಅಂತ ಯಾವನಾದ್ರೂ ಏಳ್ತಾನೇನೆ?" ಗಾಬರಿಯಾದಾಗ, ಸಿಟ್ಟು ಬಂದಾಗ ಮಾವನ ಡಾಕ್ಟರ ಭಾಷೆಯಿಂದ ಹಕಾರ ಉದುರಿಹೋಗಿ ಊರಿನ ಮಾತು ಬರುತ್ತಿತ್ತು.

"ಯಾವುದನ್ನ ಬಿಡ್ಬೇಕು ಅಂತಾನಾದ್ರೂ ಏಳ್ಬೇಕಿತ್ತು!" ನನ್ನದೂ ಉದುರಿಹೋಗಿತ್ತು. ಮೈಸೂರಿನ ಮೂರು ವರ್ಷ ಗದ್ದೆಯ ಪಾಲು.

ಅಷ್ಟರಲ್ಲಿ ಯರ್ರಪ್ಪ ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಬದುವಿನ ಮೇಲೆ ಓಡಿಬಂದ. ಕಾರನ್ನೂ ನಮ್ಮನ್ನೂ ನೋಡಿ ಉಸ್ಸೆಂದು ನಿಂತ.

"ಅಯ್ಯೋ ನೀವೇನಾ! ಬಿಡು ಬಿಡು ಅಂತ ಕೂಗಿದ್ದು ಕೇಳಿ, ಯಾರೋ ಯಾರ್ನೋ ಇಡ್ಕೊಂಡ್ ಒಡೀತಾವ್ರೆ, ಬಿಡಿಸಾನ ಅಂತ ಓಡ್ಬಂದೆ ನಾನು."

ಮೂರು ಜನ, ಒಂದು ಪದ, ಮೂರು ಅರ್ಥ. ನಾನು ಮಾವನ ಕಡೆ ಗೆದ್ದವಳಂತೆ ನೋಡಿದೆ. ಅವರಿಗೆ ಅದೂ ಕಾಣಲಿಲ್ಲ ಎಂದು ಮರುಕ್ಷಣ ಹೊಳೆದು ನಾಚಿಕೆಯಾಯಿತು.

"ಓದ್ ವರ್ಸ ಡಾಕ್ಟ್ರಪ್ಪ ಬಂದಿದ್ರು, ಈ ವರ್ಸ ಪಾಪಮ್ಮ," ಎಂದ ಯರ್ರಪ್ಪ, ನೆಲಕಚ್ಚಿದ ಪೈರನ್ನು ನೋಡುತ್ತ. "ನಿಮ್ ಮನೇವ್ರ್ಗೆ ನಮ್ ಗದ್ದೆ ಮ್ಯಾಲೆ ಬೋ ಪ್ರೀತಿ. ನಮ್ ಎತ್ಗೋಳ್ಗೂ ಈ ಕಾರಿನ ಗುರ್ತು ಸಿಕ್ಕೋಗೈತೆ."

ಹೊಂಗೆಸೊಪ್ಪು ಕಡಿದು ಚಕ್ರದ ಕೆಳಗೆ ಹಾಸಿ, ಹಗ್ಗ ಬಿಗಿದು, ಎತ್ತು ಕಟ್ಟಿದ. ಅವನು ನಮ್ಮ ಜೊತೆ ಕನ್ನಡ ಆಡಿದರೂ ಅವನ ಎತ್ತುಗಳಿಗೆ ಬರುವುದು ತೆಲುಗು. "ಕುಡಿಕಿ! ಕುಡಿಕಿ!" ಎಂದು ಕೂಗಿದರೆ ಎರಡೂ ಒಟ್ಟಿಗೆ ಬಲಕ್ಕೆ ತಿರುಗುತ್ತಿದ್ದವು. ನಾನು ಅಸೂಯೆಯಿಂದ ನೋಡಿದೆ. ಎತ್ತಿಗೆ ಕೂಡ ಬಲಕ್ಕೊಂದು, ಎಡಕ್ಕೊಂದು ಪದವಿದೆ. ನನಗೆ ಎಲ್ಲಕ್ಕೂ ಬಿಡು.

ಕಾರು ದಾರಿಗೆ ಬಂದ ಮೇಲೆ ಕೆರೆಯ ಕೋಡಿಯಲ್ಲಿ ಅದನ್ನು ತೊಳೆದೆವು. ಮಾವ ಬಾಗಿಲಿಗೆ ಒರಗಿ ನಿಂತು, "ಅತ್ತೆಗೆ ಗೊತ್ತಾಗೋದು ಬೇಡ," ಎಂದರು. "ಅಮ್ಮೋರ್ಗೆ ನಾನೇನೂ ಏಳಲ್ಲ," ಎಂದ ಯರ್ರಪ್ಪ.

ನಾನು ಒಪ್ಪಿದೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಮನೆ ತಲುಪುವವರೆಗೆ ಲೆಕ್ಕಾಚಾರ ಒಂದೇ. ಸುಮ್ಮನಿದ್ದರೆ ಕಾರು ಉಳಿಯುತ್ತದೆ, ಸೋಮವಾರ ಮಾವ ಅದನ್ನು ಬಿಡುತ್ತಾರೆ, ಮುಂದಿನ ಸಲ ನೀರಿನ ಕಡೆ. ಹೇಳಿದರೆ ಕಾರು ಹೋಗುತ್ತದೆ. ನಾಳೆಗೂ ಬರುತ್ತೀರಲ್ಲ ಎಂದ ಆ ಹೆಂಗಸಿನ ಮನೆಗೆ ಇನ್ನು ಯಾರೂ ಹೋಗುವುದಿಲ್ಲ. ಇನ್ನೊಬ್ಬರ ಗುಟ್ಟನ್ನು ನಾನು ಈವರೆಗೆ ಯಾರಿಗೂ ಹೇಳಿದವಳಲ್ಲ. ತರ್ಕಶಾಸ್ತ್ರದಲ್ಲಿ ಇದಕ್ಕೊಂದು ಹೆಸರಿದೆ, ಉತ್ತರವಿಲ್ಲ.

ಅತ್ತೆ ಜಗಲಿಯಿಂದ ಇಳಿದು ಬಂದು ಕಾರಿಗೆ ಒಂದು ಸುತ್ತು ಹಾಕಿದರು. ಬಗ್ಗಿ, ನಂಬರು ಹಲಗೆಯ ಹಿಂದೆ ಸಿಕ್ಕಿಕೊಂಡಿದ್ದ ಒಂದು ಭತ್ತದ ಪೈರನ್ನು ಎಳೆದು ತೆಗೆದರು.

"ಇದೇನು? ದಾರೀಲಿ ಯಾರಾದ್ರೂ ಇದಕ್ಕೆ ಮುಡ್ಸಿ ಕಳ್ಸಿದ್ರಾ?"

"ನಾನು ಇಳಿಸಿದೆ, ಅತ್ತೆ," ಎಂದೆ. "ಗದ್ದೆಗೆ. ತಪ್ಪು ನನ್ನದೇ."

ಅತ್ತೆ ಒಳಗೆ ಹೋಗಿ ಕಾಫಿ ತಂದರು. ಮಾವನ ಲೋಟವನ್ನು ಎಂದಿನ ಜಾಗದಲ್ಲಿಟ್ಟು, "ಆಡಿದ್ ಮಾತು ಆಡಿದ್ದೇ. ಕಾರು ಮಾರೋಣ," ಎಂದರು.

ಮಾವ ಬಾಯಿ ತೆರೆಯದೆ ಇದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ತಪ್ಪು ನನ್ನ ತಲೆಗೆ, ಕಾರು ಯಾರಿಗೋ, ಕಣ್ಣಿನ ಮಾತು ಕಣ್ಣಿನಲ್ಲೇ. ನಾನು ಕಾಫಿಯ ನೊರೆ ನೋಡುತ್ತ ಕಾದೆ.

"ಅವಳ ತಪ್ಪಿಲ್ಲ ಕಣೆ," ಎಂದರು ಕೊನೆಗೆ. "ನಂಗೆ ದಾರಿ ಕಂಡಿದ್ರೆ ಯಾವುದನ್ನ ಬಿಡಬೇಕು ಅಂತ ಸರಿಯಾಗ್ ಏಳ್ತಿದ್ದೆ. ಕಾಣ್ಸಲ್ಲ ನಂಗೆ."

"ಎಡಗಣ್ಣು ತಾನೇ?" ಎಂದರು ಅತ್ತೆ.

"ಎರಡೂ."

"ಗೊತ್ತು."

"ಯಾವಾಗ್ಲಿಂದ?"

"ಯುಗಾದಿಯಿಂದ," ಎಂದು ಅತ್ತೆ ಅವರ ಕೈ ಹಿಡಿದು ಲೋಟದ ಮೇಲಿಟ್ಟರು. "ನಿಮ್ ಬಾಯಿಂದ ಬರ್ಲಿ ಅಂತ ಕಾಯ್ತಾ ಇದ್ದೆ. ಕಾರು ಇರ್ಲಿ ಈಗ. ನೀವ್ ಬೆಂಗಳೂರಿಗೆ ನಡೀರಿ."

ಯುಗಾದಿಯಿಂದ! ನನಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಒಬ್ಬರು ಕಾಣುತ್ತದೆ ಎಂದು ನಟಿಸುವುದು, ಇನ್ನೊಬ್ಬರು ಅದನ್ನು ನಂಬಿದಂತೆ ನಟಿಸುವುದು, ನಡುವೆ ನಾನು ಕಾರು ಬಿಡುವುದು. ಕೋಪದಿಂದ ಎದ್ದು ಹೋಗಿ ಒಂದು ಕಾಗದದ ಮೇಲೆ ಬರೆದುಕೊಂಡು ಬಂದೆ. ಬ್ರೇಕು ಬಿಡುವುದಕ್ಕೆ: ಕಾಲೆತ್ತು. ಕಾರು ಓಡಿಸುವುದಕ್ಕೆ: ನಡಿ. ಕ್ಲಚ್ಚಿಗೆ ಏನೂ ಹೇಳುವುದು ಬೇಡ, ನನಗೆ ಗೊತ್ತಿದೆ. ಬಿಡು ಎಂಬ ಪದ ಈ ಕಾರಿನೊಳಗೆ ನಿಷಿದ್ಧ. ಗಟ್ಟಿಯಾಗಿ ಓದಿ ಹೇಳಿದೆ. "ಆಯ್ತಮ್ಮ, ಬಿಡು," ಎಂದರು ಮಾವ.

ಹೇಳಿದ ಹಾಗೆ ಶನಿವಾರ ಬಾಣಂತಿಯ ಮನೆಗೆ ಹೋಗಿಬಂದೆವು. ಭಾನುವಾರ ಅವರಿಬ್ಬರನ್ನು ಬಂಗಾರಪೇಟೆಗೆ ಕರೆದುಕೊಂಡು ಹೋಗಿ ಬೆಂಗಳೂರಿನ ರೈಲು ಹತ್ತಿಸಿದೆ. ದಾರಿಯುದ್ದಕ್ಕೂ ಮಳೆ, ದಾರಿಯುದ್ದಕ್ಕೂ ಮಾವ "ಬಿಡ್... ಕಾಲೆತ್ತು" ಎನ್ನುತ್ತಿದ್ದರು. ಎರಡಕ್ಷರ ತಡವಾಗಿ ಬರುವ ಆ ಸೂಚನೆ ಬರುವಷ್ಟರಲ್ಲಿ ನನ್ನ ಕಾಲು ತಾನಾಗಿಯೇ ಎದ್ದಿರುತ್ತಿತ್ತು. ಜಾರುವ ಕಡೆ ಬ್ರೇಕು ಮುಟ್ಟಬಾರದು, ಚಕ್ರ ತಾನೇ ನೆಲ ಹಿಡಿಯುವ ತನಕ ತಾಳ್ಮೆಯಿಂದ ಇರಬೇಕು ಎನ್ನುವುದನ್ನು ನಾನು ಕಲಿತದ್ದು ಆ ಹದಿನೈದಿಪ್ಪತ್ತು ಮೈಲಿಗಳಲ್ಲಿ.

ಪೊರೆ ಯಾವತ್ತೋ ಹಣ್ಣಾಗಿತ್ತಂತೆ. ಒಂದೊಂದು ಕಣ್ಣಿಗೂ ತಲೆಯ ಎರಡು ಪಕ್ಕ ಮರಳಿನ ಚೀಲ ಇಟ್ಟು ದಿನಗಟ್ಟಲೆ ಅಲುಗಾಡದೆ ಮಲಗಿಸಿದ್ದರು. ಕೆಲವು ತಿಂಗಳಾದ ಮೇಲೆ ಸೋಡಾ ಬಾಟಲಿಯ ತಳದಂಥ ಕನ್ನಡಕ ಬಂತು. ಅದನ್ನು ಹಾಕಿಕೊಂಡು ನನ್ನ ಪಕ್ಕ ಕೂತು ಏರಿಗೆ ಬಂದ ಮೊದಲ ದಿನ ನನಗೆ ಚೆನ್ನಾಗಿ ನೆನಪಿದೆ. ಮಾವ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಎರಡೂ ಕೈಯಿಂದ ಬಾಗಿಲು ಹಿಡಿದುಕೊಂಡರು.

"ಇಷ್ಟು ಜೋರಾಗಿ ಬಿಡ್ತಿದ್ಯಾ ನೀನು?"

"ಹದಿನೈದು ಮೈಲಿ, ಮಾವ."

"ಈ ಏರಿ ಇಷ್ಟು ಕಿರಿದಾ?"

"ಯಾವಾಗಲೂ ಇಷ್ಟೇ."

"ನಾನು ಇದರ ಮೇಲೆ ಮೂವತ್ತರಲ್ಲಿ ಬಿಟ್ಟಿದ್ದೀನಿ."

"ಗೊತ್ತು."

"ನಿಲ್ಸು. ನಿಲ್ಸಮ್ಮ. ಇಳೀತೀನಿ."

ಇಳಿದು, ಕೊಡೆ ಬಿಚ್ಚಿ, ಕಾರಿನ ಮುಂದೆ ನಡೆದುಕೊಂಡು ಹೊರಟರು. ಕೊಡೆ ಮಡಿಸಿ ಅದರ ತುದಿಯಿಂದ ಒಂದೊಂದು ಹಳ್ಳವನ್ನೂ ನನಗೆ ತೋರಿಸುವುದು, ಮತ್ತೆ ಬಿಚ್ಚುವುದು, ನಾಲ್ಕು ಹೆಜ್ಜೆ ನಡೆಯುವುದು. ನಾನು ಹಿಂದಿನಿಂದ ತೆವಳುವುದು. ಅಂದಿನಿಂದ ಮಳೆಗಾಲದಲ್ಲಿ ಇದೇ ಮೆರವಣಿಗೆ. ಅವರು ಮತ್ತೆ ಕಾರು ಬಿಡಲಿಲ್ಲ. ವಾರದ ದಿನಗಳಲ್ಲಿ ಯರ್ರಪ್ಪನ ಎತ್ತಿನ ಗಾಡಿ, ಭಾನುವಾರ ನಾನು. ಏಳೆಂಟು ವರ್ಷವಾಯಿತು. ಕಾಣದಿದ್ದಾಗ ಪಕ್ಕದಲ್ಲಿ ಕೂತು ಕಾಟ ಕೊಟ್ಟರು, ಕಂಡ ಮೇಲೆ ಎದುರಿಗೆ ನಡೆದು ಕಾಟ ಕೊಡುತ್ತಿದ್ದಾರೆ. ಈಚೆಗೆ ಅವರ ಮೊಣಕಾಲೂ ನೋಯುತ್ತದೆ. ಹೇಳಿದರೆ ಕೇಳುವವರೇ?

ನಿನ್ನೆ ಸಂಜೆ ಕ್ಯಾಸಂಬಳ್ಳಿಗೆ ಬಂದಾಗ ಹಳದಿ ಹಾಳೆಯನ್ನು ತಂದು ಅವರಿಗೆ ಓದಿ ಹೇಳಿದೆ. ನಾಲ್ಕನೆಯ ಸೂಚನೆಗೆ ಬಂದಾಗ ಮಾವ ಕನ್ನಡಕ ಸರಿಮಾಡಿಕೊಂಡು, "ಗತಿರೋಧಕ ಅಂದ್ರೆ ಯಾವ ಕಾಯಿಲೆಯಮ್ಮ?" ಎಂದರು. ಬ್ರೇಕು ಎಂದೆ. "ನಿಧಾನವಾಗಿ ಬಿಡತಕ್ಕದ್ದು ಅಂತಾನಲ್ಲ, ಯಾವುದನ್ನ?" ಎಂದು ಅವರೇ ಕೇಳಿದರು. ಒಳಗಿನಿಂದ ಅತ್ತೆ ನಕ್ಕದ್ದು ಕೇಳಿಸಿತು.

ಇವತ್ತು ಬೆಳಿಗ್ಗೆ ಸಣ್ಣಗೆ ಜಡಿ ಹಿಡಿದಿತ್ತು. ಏರಿಯ ತುದಿಗೆ ಬಂದಾಗ ಕಾರು ನಿಲ್ಲಿಸಿದೆ. ಎಂದಿನಂತೆ ಮಾವ ಕೊಡೆ ಎತ್ತಿಕೊಂಡು ಬಾಗಿಲ ಹಿಡಿಗೆ ಕೈ ಹಾಕಿದರು. ಎದುರಿಗೆ ಕೆಂಪು ಕೆಸರು, ಎರಡು ಸಾಲು ಗಾಡಿ ಜಾಡು, ಒಂದು ಕಡೆ ತುಂಬಿದ ನೀರು. ಅಷ್ಟು ವರ್ಷ ಪಟ್ಟಿಯಲ್ಲಿ ನಿಷಿದ್ಧವಾಗಿದ್ದ ಪದ ನನ್ನ ಬಾಯಿಂದಲೇ ಬಂತು.

"ಮಾವ, ಬಿಡಿ."

ಯಾವುದನ್ನು ಎಂದು ಅವರು ಕೇಳಲಿಲ್ಲ. ಕನ್ನಡಕದೊಳಗಿನಿಂದ ಒಮ್ಮೆ ದಾರಿ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಬಾಗಿಲ ಹಿಡಿಯಿಂದ ಕೈ ತೆಗೆದು, ಕೊಡೆಯನ್ನು ಕಾಲ ಬಳಿ ಇಟ್ಟು, ಗಾಜಿನ ಕಡ್ಡಿ ಆಡಿಸತೊಡಗಿದರು. ನಾನು ಎರಡನೇ ಗೇರು ಹಾಕಿ ಏರಿ ಹತ್ತಿದೆ. ದಾಟಿ ಆಚೆ ಇಳಿಯುವಷ್ಟರಲ್ಲಿ ಮಳೆ ನಿಂತಿತು. ಅವರ ಕೈಯೂ ನಿಂತಿತು.